ಗುಲಾಮಗಿರಿ ಪರ ಹೋರಾಡಿದ ಸೈನಿಕನ ಕಾಗದ ಓದಿ ಮರುಗುವುದು ತಪ್ಪಾ?

ರಿಚ್‌ಮಂಡ್_ನಿವಾಸಿ
ನಾವು ಇರುವುದು ವರ್ಜೀನಿಯಾದ ರಿಚ್‌ಮಂಡ್ ಹತ್ತಿರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇದು ಕಾನ್‌ಫೆಡರೇಟ್‌ಗಳ ರಾಜಧಾನಿ. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರು ಅವರು. ಮಗಳಿಗೆ ಶಾಲೆಯಲ್ಲಿ ದಕ್ಷಿಣದ ಒಬ್ಬ ಸಿಪಾಯಿಯ ಕಾಗದಗಳನ್ನು ಓದಿ ಪ್ರಬಂಧ ಬರೆಯಲು ಹೇಳಿದ್ದಾರೆ. ಅವಳ ಪಾಲಿಗೆ ಬಂದವನು ಜಾನ್ ಫಚ್. ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್ ಕಡೆಯವನು. 3ನೇ ನಾರ್ತ್ ಕ್ಯಾರೊಲೈನಾ ರೆಜಿಮೆಂಟ್.

ಒಡಹುಟ್ಟಿದ ಚಾರ್ಲಿಯೂ ಜೊತೆಗೇ ಇದ್ದ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನದಲ್ಲಿ ಚಾರ್ಲಿಯ ತಲೆಗೆ ಗುಂಡು ಬಿತ್ತು. ಒಂದು ರಾತ್ರಿ, ಒಂದು ಹಗಲು ನರಳಿ ಸತ್ತ. ಆಮೇಲೆ ಜಾನ್ ತನ್ನ ಹೆಂಡತಿ ಮಾರ್ಥಾಗೆ ಬರೆದ ಕಾಗದ ಇದೆ. ಊಟ ಸೇರುತ್ತಿಲ್ಲ, ಅರ್ಧ ಹುಚ್ಚು ಹಿಡಿದಿದೆ, ಮನೆಗೆ ಬರಬೇಕು ಅಂತ ಜನ್ಮದಲ್ಲೇ ಇಷ್ಟು ಅನಿಸಿರಲಿಲ್ಲ ಎನ್ನುತ್ತಾನೆ. ಓದು ಬರಹ ಅಷ್ಟಕ್ಕಷ್ಟೇ. ಬಾಯಲ್ಲಿ ಬಂದ ಹಾಗೆ ಕಾಗುಣಿತ, ವಾಕ್ಯ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಆಗಸ್ಟ್‌ನಲ್ಲಿ ಕೆಲವರ ಜೊತೆ ಸೇನೆ ಬಿಟ್ಟು ಊರಿನ ದಾರಿ ಹಿಡಿದ. ಸಿಕ್ಕಿಬಿದ್ದ. ಸೆಪ್ಟೆಂಬರ್ 5ರಂದು ಅವನನ್ನೂ ಸೇರಿಸಿ 10 ಜನರನ್ನು ಅವರದೇ ಸೇನೆ ಗುಂಡಿಟ್ಟು ಕೊಂದಿತು.

'ಅಪ್ಪಾ, ಇವನ ಬಗ್ಗೆ ಪಾಪ ಅನಿಸಬಹುದಾ?' ಅಂತ ಮಗಳು ಕೇಳುತ್ತಿದ್ದಾಳೆ. ಏನು ಹೇಳಲಿ? ಇವರು ಕ್ಯಾಂಪ್‌ನಲ್ಲಿ ಹೇಗಿದ್ದರು, ಏನು ತಿಂದರು, ಕಾಗದ ಹೇಗೆ ಹೋಗುತ್ತಿತ್ತು, ಗೊತ್ತಿರುವವರು ಬರೆಯಿರಿ.

ರಾಗಿಮುದ್ದೆ
ಪಾಪ ಯಾಕೆ ಸ್ವಾಮಿ? ಮನುಷ್ಯರನ್ನು ಹರಾಜು ಹಾಕುವ ಹಕ್ಕಿಗಾಗಿ ಬಂದೂಕು ಹಿಡಿದವನು. ಬೇರೆ ಯಾರನ್ನಾದರೂ ಕೊಡಿ ಅಂತ ಟೀಚರ್‌ಗೆ ಹೇಳಿ.

ಹಳೇ_ಮೇಷ್ಟ್ರು
ರಾಗಿಮುದ್ದೆಯವರೇ, ಸ್ವಲ್ಪ ತಾಳಿ. 1861ರಲ್ಲಿ ಹುಮ್ಮಸ್ಸಿನಿಂದ ಸೇರಿದವರು ಬೇಕಾದಷ್ಟು ಜನ ಇದ್ದರು, ನಿಜ. ಬಹಳ ಜನ ಒಂದು ವರ್ಷಕ್ಕೆ ಅಂತ ರುಜು ಹಾಕಿದ್ದರು. ವರ್ಷ ಮುಗಿಯುವ ಹೊತ್ತಿಗೆ, 1862ರ ಏಪ್ರಿಲ್ 16ರಂದು, ಕಡ್ಡಾಯ ಭರ್ತಿ ಕಾನೂನು ಬಂತು. 18ರಿಂದ 35 ವಯಸ್ಸಿನ ಬಿಳಿ ಗಂಡಸರೆಲ್ಲ ಮೂರು ವರ್ಷ ಸೇವೆ ಮಾಡಬೇಕು. ಆಗಲೇ ಸೇನೆಯಲ್ಲಿದ್ದವರಿಗೂ ಬಿಡುಗಡೆ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ವಯಸ್ಸಿನ ಮಿತಿ 45ಕ್ಕೆ ಏರಿತು. 1864ರಲ್ಲಿ 17ರಿಂದ 50. ಅಂದರೆ ಮಗ, ಅಪ್ಪ ಇಬ್ಬರೂ ಹೋಗಬೇಕು. ಹೊಲ ಉಳುವವರು ಯಾರು?

ಇದಕ್ಕಿಂತ ಹೊಟ್ಟೆ ಉರಿಸಿದ್ದು ಅಕ್ಟೋಬರ್ 1862ರ ತಿದ್ದುಪಡಿ. 20 ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ. 'ಯುದ್ಧ ಸಾಹುಕಾರರದ್ದು, ಸಾಯುವವರು ಬಡವರು' ಎಂಬ ಮಾತು ಕ್ಯಾಂಪ್‌ಗಳಲ್ಲಿ ಓಡಾಡಿತು. ಇನ್ನು ಸಂಬಳ ತಿಂಗಳಿಗೆ 11 ಡಾಲರ್, ಅದೂ ಕಾನ್‌ಫೆಡರೇಟ್ ನೋಟಿನಲ್ಲಿ, ತಿಂಗಳುಗಟ್ಟಲೆ ತಡವಾಗಿ. 1864ರಲ್ಲಿ 18 ಮಾಡಿದರು. ಆ ವರ್ಷ ರಿಚ್‌ಮಂಡ್‌ನಲ್ಲಿ ಒಂದು ಪೀಪಾಯಿ ಗೋಧಿ ಹಿಟ್ಟು 200 ಡಾಲರ್ ದಾಟಿತ್ತು. ಇವನು ಮನೆಗೆ ಕಳಿಸುವುದೇನು, ಮಣ್ಣು?

ನೇರನುಡಿ
ಮೇಷ್ಟ್ರೇ, ಎಲ್ಲ ಸರಿ. ಆದರೆ 'ಬಡವರು, ಅವರಿಗೂ ಗುಲಾಮಗಿರಿಗೂ ಸಂಬಂಧವಿಲ್ಲ' ಎಂಬಲ್ಲಿಗೆ ಮಾತು ಜಾರಬಾರದು. ಸೌತ್ ಕ್ಯಾರೊಲೈನಾ, ಮಿಸಿಸಿಪ್ಪಿಗಳಲ್ಲಿ ಹತ್ತಿರ ಅರ್ಧದಷ್ಟು ಬಿಳಿ ಕುಟುಂಬಗಳು ಗುಲಾಮರನ್ನು ಇಟ್ಟುಕೊಂಡಿದ್ದವು. ಇಲ್ಲದವರು ಬಾಡಿಗೆಗೆ ತರುತ್ತಿದ್ದರು. ಮಾವನ ಮನೆಯಿಂದ ಬಂದೀತು ಅಂತ ಕಾಯುತ್ತಿದ್ದರು. ರಾತ್ರಿ ಗಸ್ತು ತಿರುಗಿ ತಪ್ಪಿಸಿಕೊಂಡವರನ್ನು ಹಿಡಿಯುವ ಕೆಲಸವೂ ಇದೇ ಸಣ್ಣ ರೈತರದ್ದು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾ ಊರಲ್ಲಿ ನಿಂತು, ಬಿಳಿಯನಿಗೆ ಕರಿಯ ಸಮನಲ್ಲ ಎಂಬುದೇ ನಮ್ಮ ಸರ್ಕಾರದ ಅಡಿಗಲ್ಲು ಅಂತ ಭಾಷಣ ಮಾಡಿದ್ದ. ಮುಚ್ಚುಮರೆಯೇನೂ ಇರಲಿಲ್ಲ.

ಮಂಡಕ್ಕಿ_ಮಿರ್ಚಿ
ಇಬ್ಬರದೂ ಸರಿ. ಊಟದ ವಿಷಯ ಯಾರಾದರೂ ಹೇಳ್ರಪ್ಪ.

ಶಾರ್ಲಟ್_ಅಡುಗೆಮನೆ
ಊಟದ್ದು ನಾನು ಹೇಳುತ್ತೇನೆ. ಇಲ್ಲೇ ನಾರ್ತ್ ಕ್ಯಾರೊಲೈನಾದಲ್ಲಿದ್ದೇನೆ, ಕಂಡ ಕಂಡ ಮ್ಯೂಸಿಯಂ ಹೊಕ್ಕು ಬಂದಿದ್ದೇನೆ. ಉತ್ತರದವರಿಗೆ ಕಲ್ಲಿನಂಥ ಗೋಧಿ ಬಿಸ್ಕತ್ತು. ದಕ್ಷಿಣದವರಿಗೆ ಮೆಕ್ಕೆಜೋಳದ ಹಿಟ್ಟು ಮತ್ತು ಉಪ್ಪು ಹಾಕಿದ ಹಂದಿ ಮಾಂಸ. ಹಿಟ್ಟು ಎಷ್ಟೋ ಸಲ ಜರಡಿ ಹಿಡಿಯದ್ದು. ರೊಟ್ಟಿ ತಟ್ಟಿ ಸುಟ್ಟು, ಒಣಗಿದ ಮೇಲೆ ಪುಡಿ ಮಾಡಿ, ಹಂದಿ ಕೊಬ್ಬು ಕರಗಿಸಿ, ನೀರು ಹಾಕಿ, ಮಾಂಸದ ಚೂರು ಇದ್ದರೆ ಸೇರಿಸಿ ಕುದಿಸುತ್ತಿದ್ದರು. ಅದಕ್ಕೆ 'ಕುಶ್' ಅಂತ ಹೆಸರು. ನಮ್ಮ ಹಾಸ್ಟೆಲ್ ಉಪ್ಪಿಟ್ಟಿನ ಹದಕ್ಕೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಬಾಣಲೆ ಇಲ್ಲದವರು ಹಿಟ್ಟನ್ನು ಕೊಬ್ಬಿನಲ್ಲಿ ಕಲಸಿ, ಬಂದೂಕಿಗೆ ಮದ್ದು ಗಿಡಿಯುವ ಕಬ್ಬಿಣದ ಸರಳಿಗೆ ಸುತ್ತಿ, ಬೆಂಕಿಯ ಮೇಲೆ ತಿರುಗಿಸಿ ಬೇಯಿಸುತ್ತಿದ್ದರು.

ಅವರ ದೊಡ್ಡ ಗೋಳು ಕಾಫಿ. ಉತ್ತರದ ನೌಕಾಪಡೆ ಬಂದರುಗಳನ್ನು ಕಟ್ಟಿಹಾಕಿತ್ತಲ್ಲ, ಕಾಫಿ ಬೀಜ ಬರುವುದೇ ನಿಂತಿತು. ಹುರಿದ ಜೋಳ, ಬೆಂಡೆ ಬೀಜ, ಗೆಣಸಿನ ಚೂರು, ಓಕ್ ಮರದ ಕಾಯಿ, ಚಿಕೋರಿ, ಏನು ಸಿಕ್ಕಿದರೂ ಹುರಿದು ಕುದಿಸಿ ಕುಡಿದರು.

ಚಿಕ್ಕಮಗಳೂರು_ಘಾಟಿ
ಬೆಂಡೆ ಬೀಜದ ಕಾಫಿ! ಇಷ್ಟು ಹೊತ್ತು ಪಾಪ ಅನಿಸಿರಲಿಲ್ಲ, ಈಗ ಅನಿಸಿತು.

ಚರಿತ್ರೆ_ಹುಚ್ಚ
ಕಾಫಿ ಮಾತು ಬಂತು ಅಂತ ಹೇಳುತ್ತೇನೆ. 1862-63ರ ಚಳಿಗಾಲದಲ್ಲಿ ಫ್ರೆಡರಿಕ್ಸ್‌ಬರ್ಗ್ ಹತ್ತಿರ ರಾಪಹಾನಕ್ ನದಿಯ ಈ ದಡದಲ್ಲಿ ದಕ್ಷಿಣದವರು, ಆ ದಡದಲ್ಲಿ ಉತ್ತರದವರು. ದಕ್ಷಿಣದವರ ಹತ್ತಿರ ಹೊಗೆಸೊಪ್ಪು ದಂಡಿ. ಉತ್ತರದವರ ಹತ್ತಿರ ಕಾಫಿ, ಸಕ್ಕರೆ. ಕಾವಲಿಗೆ ನಿಂತ ಹುಡುಗರು ಮರದ ತುಂಡಿನಲ್ಲಿ ಸಣ್ಣ ದೋಣಿ ಮಾಡಿ, ಬಟ್ಟೆಯೋ ಕಾಗದವೋ ಸಿಕ್ಕಿಸಿ ಹಾಯಿ ಕಟ್ಟಿ, ಹೊಗೆಸೊಪ್ಪು ಪೇರಿಸಿ ಬಿಡುವುದು. ಆ ಕಡೆಯಿಂದ ಕಾಫಿ, ಹೊಸ ಪೇಪರ್ ತುಂಬಿಕೊಂಡು ಬರುವುದು. ಅಧಿಕಾರಿಗಳು ಬೇಡ ಅಂದರೂ ನಡೆಯುತ್ತಲೇ ಇತ್ತು. ಅದೇ ಚಳಿಗಾಲ ಹಿಮ ಬಿದ್ದಾಗ ದಕ್ಷಿಣದ ದಳಗಳು ತಮ್ಮ ತಮ್ಮಲ್ಲೇ ಸಾವಿರಗಟ್ಟಲೆ ಜನ ಹಿಮದ ಉಂಡೆಯ ಕಾಳಗ ಆಡಿದವು. 1864ರ ಮಾರ್ಚ್‌ನಲ್ಲಿ ಜಾರ್ಜಿಯಾದ ಡಾಲ್ಟನ್‌ನಲ್ಲಿ ಇನ್ನೂ ದೊಡ್ಡದು ನಡೆಯಿತು. ಬಾವುಟ ಹಿಡಿದುಕೊಂಡು, ಅಧಿಕಾರಿಗಳು ಮುಂದೆ ನಿಂತು.

ರಾಗಿಮುದ್ದೆ
ಹಿಮ ಆಡಿದರು, ಕಾಫಿ ಕುಡಿದರು. ಒಳ್ಳೆಯ ಪಿಕ್ನಿಕ್.

ಕಂಪೌಂಡರ್
ಪಿಕ್ನಿಕ್ ಅಲ್ಲ ಮಾರಾಯ್ರೆ. ಆ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಎರಡೂ ಕಡೆ ಸೇರಿಸಿ ಮೂರರಲ್ಲಿ ಎರಡು ಪಾಲು ಸತ್ತದ್ದು ರೋಗದಿಂದ. ಹಳ್ಳಿ ಹುಡುಗರು ಊರು ಬಿಟ್ಟು ಹೋದವರಲ್ಲ. ದಡಾರ ಬಂದಿರಲಿಲ್ಲ, ಗದ್ದಕಟ್ಟು ಬಂದಿರಲಿಲ್ಲ. ಸಾವಿರ ಜನರನ್ನು ಒಂದೇ ಬಯಲಲ್ಲಿ ತುಂಬಿದ ಕೂಡಲೇ ಮೊದಲು ದಡಾರ. ಅದು ವಾಸಿಯಾಗುವಷ್ಟರಲ್ಲಿ ನ್ಯುಮೋನಿಯಾ. ಕುಡಿಯುವ ನೀರಿನ ಮೇಲ್ಗಡೆಯೇ ಪಾಯಖಾನೆ ಗುಂಡಿ. ಆಮಶಂಕೆ, ಟೈಫಾಯ್ಡ್ ಬರದೆ ಇರುತ್ತಾ? ಮಲೇರಿಯಾಕ್ಕೆ ಕ್ವಿನೈನ್ ಬೇಕು, ಅದು ಬರುವುದು ಸಮುದ್ರದ ಕಡೆಯಿಂದ, ಅಲ್ಲಿ ದಿಗ್ಬಂಧನ. ಮರದ ತೊಗಟೆ ಕುದಿಸಿ ಕಷಾಯ ಕೊಟ್ಟರು. ಅಂಗಿಯ ಹೊಲಿಗೆಯಲ್ಲಿ ಕೂರೆ ಬೇರೆ. ಜನರಲ್‌ನಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ.

ಮನೆಗೆ ಬರೆದ ಕಾಗದಗಳಲ್ಲಿ 'ನಾನು ಆರೋಗ್ಯವಾಗಿದ್ದೇನೆ, ನೀವೂ ಹಾಗೇ ಇದ್ದೀರಿ ಎಂದು ನಂಬಿದ್ದೇನೆ' ಎಂಬ ಸಾಲು ಮೊದಲಿಗೇ ಬರುತ್ತದೆ. ಸುಮ್ನೆ ರೂಢಿಗೆ ಬರೆದದ್ದು ಅಂದುಕೊಳ್ಳಬೇಡಿ. ಮನೆಯವರು ಮೊದಲು ಹುಡುಕುತ್ತಿದ್ದ ಸುದ್ದಿ ಅದೇ.

ಲಕೋಟೆ_ಲಕ್ಷ್ಮಿ
ಕಾಗದ ಹೇಗೆ ಹೋಗುತ್ತಿತ್ತು ಅಂತ ಕೇಳಿದಿರಲ್ಲ. ನಾನು ಅಂಚೆಚೀಟಿ, ಹಳೇ ಲಕೋಟೆ ಸಂಗ್ರಹಿಸುವವಳು. ಇದು ನನ್ನ ಹಬ್ಬ, ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬೇರೆಯಾದ ಮೇಲೆ ದಕ್ಷಿಣದವರು ಸ್ವಂತ ಅಂಚೆ ಇಲಾಖೆ ಕಟ್ಟಿದರು. ಟೆಕ್ಸಸ್‌ನ ಜಾನ್ ರೀಗನ್ ಅದರ ಮುಖ್ಯಸ್ಥ. ಉತ್ತರದ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದ ದಕ್ಷಿಣದ ನೌಕರರನ್ನೇ ಕರೆಸಿಕೊಂಡ. ಅವರು ಬರುವಾಗ ಅಲ್ಲಿನ ಫಾರಂಗಳು, ನಕಾಶೆಗಳನ್ನೂ ಹೊತ್ತು ತಂದರು. 1863ರ ಮಾರ್ಚ್ ನಂತರ ಅಂಚೆ ಇಲಾಖೆ ತನ್ನ ಖರ್ಚು ತಾನೇ ದುಡಿಯಬೇಕು ಅಂತ ಅವರ ಸಂವಿಧಾನದಲ್ಲೇ ಇತ್ತು. ಆದ್ದರಿಂದ ದರ ಏರಿತು. ಮೊದಲು 500 ಮೈಲಿಯೊಳಗೆ 5 ಸೆಂಟ್. 1862ರ ಜುಲೈನಿಂದ ಎಲ್ಲಿಗೇ ಹೋಗಲಿ 10 ಸೆಂಟ್. 11 ಡಾಲರ್ ಸಂಬಳ, ಅದೂ ಕೈಗೆ ಬಾರದ್ದು, ಅದರಲ್ಲಿ ಚೀಟಿ ಎಲ್ಲಿಂದ? ಅದಕ್ಕೆ ಸೈನಿಕರಿಗೆ ಒಂದು ಅನುಕೂಲ ಕೊಟ್ಟಿದ್ದರು. ಲಕೋಟೆಯ ಮೇಲೆ ಹೆಸರು, ಕಂಪನಿ, ರೆಜಿಮೆಂಟ್ ಬರೆದು ಚೀಟಿ ಇಲ್ಲದೆ ಹಾಕಬಹುದು. ದುಡ್ಡು ಪಡೆದವರು ಕೊಡಬೇಕು. ಅಂದರೆ ಊರಲ್ಲಿ ಹೆಂಡತಿ 10 ಸೆಂಟ್ ಹೊಂದಿಸಿದರೆ ಗಂಡನ ಸುದ್ದಿ.

ಈಗ ಕಾಗದದ ಬರ. ಕಾಗದ ಮಾಡುವ ಕಾರ್ಖಾನೆಗಳು ಹೆಚ್ಚಿನವು ಉತ್ತರದಲ್ಲಿದ್ದವು. ಒಂದೆರಡು ವರ್ಷದಲ್ಲಿ ದಕ್ಷಿಣದಲ್ಲಿ ಬರೆಯುವ ಹಾಳೆ ಚಿನ್ನವಾಯಿತು. ಬಂದ ಲಕೋಟೆಯನ್ನು ಅಂಟು ಬಿಡಿಸಿ, ಒಳಗಡೆ ಹೊರಗೆ ಮಾಡಿ ಮಡಚಿ, ಮತ್ತೆ ಅಂಟಿಸಿ ಅದರಲ್ಲೇ ಉತ್ತರ ಕಳಿಸುತ್ತಿದ್ದರು. ಗೋಡೆಗೆ ಅಂಟಿಸುವ ಹೂವಿನ ಕಾಗದದಲ್ಲಿ, ಲೆಕ್ಕದ ಪುಸ್ತಕದ ಹಾಳೆಯಲ್ಲಿ ಲಕೋಟೆ ಮಾಡಿದರು. ಮಿಸಿಸಿಪ್ಪಿಯ ವಿಕ್ಸ್‌ಬರ್ಗ್ ಊರನ್ನು ಉತ್ತರದವರು ಮುತ್ತಿದಾಗ ಅಲ್ಲಿನ ದಿನಪತ್ರಿಕೆಯೇ ಗೋಡೆ ಕಾಗದದ ಹಿಂಬದಿಯಲ್ಲಿ ಅಚ್ಚಾಯಿತು! ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಬರೆಯುವುದೂ ಇತ್ತು. ಓದುವವರಿಗೆ ತಪಸ್ಸು. ಶಾಯಿ? ಕಾಡು ಹಣ್ಣಿನ ರಸ. ಇವತ್ತು ಆ ಅಕ್ಷರ ಕಂದು ಬಣ್ಣಕ್ಕೆ ತಿರುಗಿದೆ.

ಒಂದು ಹಿಂದುಮುಂದಾದ ಲಕೋಟೆಯನ್ನು ಹರಾಜಿನಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊರಗಡೆ ಕ್ಯಾಂಪ್‌ನ ವಿಳಾಸ, ಒಳಗಡೆ ಊರಿನ ವಿಳಾಸ. ಹೋದದ್ದು ಬಂದದ್ದು ಎರಡೂ ಒಂದೇ ಚೂರು ಕಾಗದದಲ್ಲಿ. ಬೆಲೆ ಕೇಳಿ ವಾಪಸ್ ಇಟ್ಟೆ.

ಮಂಡಕ್ಕಿ_ಮಿರ್ಚಿ
ಅಕ್ಕ, ಇದನ್ನು ಬೇರೆ ಲೇಖನವಾಗಿಯೇ ಬರೆಯಬಹುದು ನೀವು.

ಮಾಜಿ_ಫೌಜಿ
ಲಕ್ಷ್ಮಿಯವರು ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಂಚೆಗಿಂತ ಜಾಸ್ತಿ ನಂಬಿಕೆ ರಜೆಗೆ ಹೋಗುವವನ ಮೇಲೆ. ನಮ್ಮ ಕಾಲದಲ್ಲೂ ಹಾಗೇ ಇತ್ತು. ಊರ ಕಡೆಯವನೊಬ್ಬ ರಜೆಗೆ ಹೊರಟರೆ ಅವನ ಟ್ರಂಕ್‌ನಲ್ಲಿ ಅರ್ಧ ಬ್ಯಾರಕ್‌ನ ಕಾಗದ, ದುಡ್ಡು. ಅಲ್ಲಿ ಇನ್ನೂ ಸುಲಭ. ಯಾಕೆಂದರೆ ಒಂದು ಕಂಪನಿ ಅಂದರೆ ಒಂದೇ ತಾಲೂಕಿನವರು. ಅಣ್ಣ ತಮ್ಮ, ಬಾವ ಮೈದುನ, ಪಕ್ಕದ ಹೊಲದವನು. ಕ್ಯಾಪ್ಟನ್‌ನನ್ನೂ ಅವರೇ ವೋಟು ಹಾಕಿ ಆರಿಸುತ್ತಿದ್ದರು. ನಮ್ಮ ಸುಬೇದಾರ್ ಸಾಹೇಬರಿಗೆ ಇದನ್ನು ಹೇಳಿದ್ದರೆ ಮೂರ್ಛೆ ಹೋಗುತ್ತಿದ್ದರು.

ಇದರಲ್ಲಿ ಒಂದು ಕಷ್ಟ ಇದೆ. ನೀನು ಹೆದರಿ ಹಿಂದೆ ಸರಿದರೆ ವಾರದಲ್ಲಿ ಊರಿಗೆಲ್ಲ ಸುದ್ದಿ. ಒಂದು ಕೆಟ್ಟ ದಿನ ಬಂದರೆ ಊರಿಗೆ ಊರೇ ಖಾಲಿ. 26ನೇ ನಾರ್ತ್ ಕ್ಯಾರೊಲೈನಾ ರೆಜಿಮೆಂಟ್ ಗೆಟಿಸ್‌ಬರ್ಗ್‌ಗೆ 800ಕ್ಕೂ ಹೆಚ್ಚು ಜನರೊಂದಿಗೆ ಹೋಯಿತು. ಸತ್ತವರು, ಗಾಯಗೊಂಡವರು, ಸಿಕ್ಕಿಬಿದ್ದವರು ಎಲ್ಲ ಸೇರಿ ಹತ್ತಿರ ಹತ್ತಿರ 700.

ಹುಬ್ಬಳ್ಳಿ_ಅರಳೆ
ನಡುವ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ಈ ಯುದ್ಧಕ್ಕೂ ನಮ್ಮ ಧಾರವಾಡಕ್ಕೂ ನಂಟು ಅದ. ಯುದ್ಧಕ್ಕೂ ಮೊದಲು ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದ ದಕ್ಷಿಣದ್ದು, ಗುಲಾಮರು ಬೆಳೆದದ್ದು. ಯುದ್ಧ ಶುರುವಾದ ಮೇಲೆ ಆ ಹತ್ತಿ ನಿಂತಿತು. ಇಂಗ್ಲೆಂಡ್ ನಮ್ಮ ಕಡೆ ಕಣ್ಣು ಹಾಕಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ತಳಿ ತಂದು ಬೆಳೆಸಿದ್ದರು. ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರಲ್ಲೂ ಈ ಹತ್ತಿ, ಕಾರವಾರ ಬಂದರಿನ ಲೆಕ್ಕಾಚಾರ ಇತ್ತು.

ಕುಮಟಾ_ಕಡಲು
ನಮ್ಮ ಊರಿನ ಹೆಸರು ಬಂತು! ಕುಮಟಾ ಹತ್ತಿ ಅಂತ ಒಂದು ತಳಿಗೇ ಹೆಸರಿತ್ತು. ಅದು ಬೆಳೆದದ್ದು ಘಟ್ಟದ ಮೇಲೆ, ಹೆಸರು ಮಾತ್ರ ನಮಗೆ.

ರಾಗಿಮುದ್ದೆ
ಅಲ್ಲಿ ಅವರು ಸತ್ತರು, ಇಲ್ಲಿ ನಮ್ಮವರು ದುಡ್ಡು ಮಾಡಿಕೊಂಡರು ಅಂತಾಯ್ತು.

ಹುಬ್ಬಳ್ಳಿ_ಅರಳೆ
ಮಾಡಿಕೊಂಡದ್ದು ದಲಾಲರು, ಬೊಂಬಾಯಿಯ ಶೇರು ಪೇಟೆಯವರು. 1865ರಲ್ಲಿ ಯುದ್ಧ ಮುಗೀತು, ಹತ್ತಿ ದರ ದಬಕ್ ಅಂತ ಬಿತ್ತು. ಪ್ರೇಮಚಂದ್ ರಾಯಚಂದ್‌ನಂಥ ದೊಡ್ಡ ದೊಡ್ಡ ಸಾಹುಕಾರರೇ ಮುಳುಗಿದರು. ರೈತರ ಪಾಡು ಕೇಳಬ್ಯಾಡ್ರಿ.

ಫಾರ್ವರ್ಡ್_ಫಣಿ
ಅದೆಲ್ಲ ಇರಲಿ. ಸಾವಿರಾರು ಕರಿಯರು ಕಾನ್‌ಫೆಡರೇಟ್ ಪರವಾಗಿ ಹೋರಾಡಿದ್ದರು ಅಂತ ಫೋಟೋ ಸಮೇತ ಓದಿದ್ದೇನೆ. ಹಾಗಾದರೆ ಗುಲಾಮಗಿರಿ ಯುದ್ಧ ಹೇಗಾಗುತ್ತೆ?

ನೇರನುಡಿ
ಬಂತು ನೋಡಿ. ಫಣಿಯವರೇ, ಆ ಫೋಟೋದಲ್ಲಿರುವವರು ಸೈನಿಕರಲ್ಲ. ಸಾಹುಕಾರರ ಮಕ್ಕಳು ಯುದ್ಧಕ್ಕೆ ಹೋಗುವಾಗ ಮನೆಯ ಗುಲಾಮನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಡುಗೆ, ಬಟ್ಟೆ ಒಗೆತ, ಕುದುರೆ ಚಾಕರಿ, ಒಡೆಯ ಸತ್ತರೆ ಹೆಣವನ್ನು ಊರಿಗೆ ಮುಟ್ಟಿಸುವುದು, ಎಲ್ಲ ಇವನ ಕೆಲಸ. ಅವನಿಗೆ ಹೋಗುವುದಿಲ್ಲ ಎನ್ನುವ ಹಕ್ಕಿಲ್ಲ. ಹೆಂಡತಿ ಮಕ್ಕಳು ಅಲ್ಲಿ ತೋಟದಲ್ಲಿ ಒತ್ತೆ. ಕೋಟೆ ಕಟ್ಟಲು, ಕಂದಕ ತೋಡಲು ಸಾವಿರಾರು ಗುಲಾಮರನ್ನು ಬಲವಂತವಾಗಿ ಹಿಡಿದು ತಂದರು. ಕರಿಯರಿಗೆ ಬಂದೂಕು ಕೊಡುವ ಕಾನೂನು ಕಾನ್‌ಫೆಡರೇಟ್ ಸಂಸತ್ತು ಮಾಡಿದ್ದು 1865ರ ಮಾರ್ಚ್ 13ರಂದು. ಒಂದು ತಿಂಗಳೊಳಗೆ ಅವರ ಮುಖ್ಯ ಸೇನಾಪತಿ ಲೀ ಶರಣಾದ. ಇನ್ನೊಂದು ಕಡೆ ಉತ್ತರದ ಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರು. ಅವರಲ್ಲಿ ಬಹಳ ಜನ ದಕ್ಷಿಣದಿಂದ ತಪ್ಪಿಸಿಕೊಂಡು ಬಂದವರೇ.

ಆದ್ದರಿಂದ ಕ್ಯಾಂಪ್ ಜೀವನ ಅಂತ ಬರೆಯುವಾಗ ಅಡುಗೆ ಯಾರು ಮಾಡಿದರು ಅಂತಲೂ ಕೇಳಿ. ಅವನಿಗೂ ಒಂದು ಮನೆ ಇತ್ತು. ಅವನ ಕಾಗದ ಯಾರು ಬರೆದರು? ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ ಅಂತ ಹಲವು ರಾಜ್ಯಗಳಲ್ಲಿ ಕಾನೂನು.

ಫಾರ್ವರ್ಡ್_ಫಣಿ
ನಾನು ಕೇಳಿದೆ ಅಷ್ಟೇ ಸ್ವಾಮಿ.

ರಿಚ್‌ಮಂಡ್_ನಿವಾಸಿ
ಎಲ್ಲರಿಗೂ ಥ್ಯಾಂಕ್ಸ್, ಮಗಳು ಕೂತು ಓದುತ್ತಿದ್ದಾಳೆ. ಅವಳ ಇನ್ನೊಂದು ಪ್ರಶ್ನೆ. ಓಡಿಹೋದವರು ಎಷ್ಟೋ ಜನ ಇದ್ದಿರಬೇಕಲ್ಲ, ಫಚ್ ಮತ್ತು ಜೊತೆಯವರನ್ನೇ ಯಾಕೆ ಕೊಂದರು?

ಹಳೇ_ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಆ ಎರಡು ತಿಂಗಳ ತಾರೀಖುಗಳನ್ನು ಜೋಡಿಸಿ ನೋಡಮ್ಮ.

ಜುಲೈ ಆರಂಭದಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಸೋಲು, ಜುಲೈ 4ಕ್ಕೆ ವಿಕ್ಸ್‌ಬರ್ಗ್ ಕೈಬಿಟ್ಟಿತು. ಸೇನೆಯಿಂದ ಜನ ಜಾರತೊಡಗಿದರು. ಆಗಸ್ಟ್ 1ರಂದು ಅಧ್ಯಕ್ಷ ಜೆಫರ್ಸನ್ ಡೇವಿಸ್, 20 ದಿನದೊಳಗೆ ವಾಪಸ್ ಬಂದವರಿಗೆ ಕ್ಷಮೆ ಎಂದು ಸಾರಿದ. ಲೀಗೆ ಅದರಿಂದ ಲಾಭ ಕಾಣಲಿಲ್ಲ. ಕ್ಷಮೆ ಸಿಗುತ್ತೆ ಅಂದಮೇಲೆ ಹೋಗುವವರೇ ಜಾಸ್ತಿಯಾದರು. ಆಗಸ್ಟ್ 17ರಂದು ಡೇವಿಸ್‌ಗೆ ಬರೆದ, ಮರಣದಂಡನೆಯನ್ನು ಕಟ್ಟುನಿಟ್ಟಾಗಿ ಜಾರಿ ಮಾಡದೆ ಇದು ನಿಲ್ಲುವುದಿಲ್ಲ ಅಂತ. ಅದೇ ದಿನಗಳಲ್ಲಿ ನಾರ್ತ್ ಕ್ಯಾರೊಲೈನಾದ ಈ ಗುಂಪು ಬಂದೂಕು ಸಮೇತ ಹೊರಟಿತು. ಜೇಮ್ಸ್ ನದಿ ದಾಟುವ ಕಡೆ ಹಿಡಿಯಲು ಬಂದವರ ಜೊತೆ ಗುಂಡಿನ ಚಕಮಕಿಯಾಯಿತು, ಒಬ್ಬ ಅಧಿಕಾರಿ ಸತ್ತ. ಅಲ್ಲಿಗೆ ಇವರ ಕತೆ ಮುಗಿಯಿತು. ಉಳಿದವರಿಗೆ ಪಾಠವಾಗಲಿ ಅಂತ ಇಡೀ ಡಿವಿಜನ್ ಅನ್ನು ಸಾಲಾಗಿ ನಿಲ್ಲಿಸಿ, ಅವರ ಕಣ್ಣೆದುರೇ ಕೊಂದರು. ಅಣ್ಣನೋ ತಮ್ಮನೋ ಸತ್ತು ಎರಡು ತಿಂಗಳು ಮಾತ್ರ ಆಗಿತ್ತು ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ಕಂಪೌಂಡರ್
'ಅರ್ಧ ಹುಚ್ಚು' ಅಂತ ಅವನೇ ಬರೆದಿದ್ದ. ಇವತ್ತಾಗಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಶಾರ್ಲಟ್_ಅಡುಗೆಮನೆ
ಮೇಷ್ಟ್ರೇ, ಮನೆಯ ಕಡೆಯಿಂದಲೂ ನೋಡಿ. ಕಾಗದಗಳು ಎರಡೂ ಕಡೆ ಹೋಗುತ್ತಿದ್ದವು. 1863ರಲ್ಲಿ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಸರ್ಕಾರಕ್ಕೆ ಅಂತ ತೆರಿಗೆ ಹಾಕಿದರು. ಅದರ ಮೇಲೆ ಸೇನೆಯವರು ಬಂದು ಹಂದಿ, ಜೋಳ, ಕುದುರೆಯನ್ನು ತಾವು ಕಟ್ಟಿದ ಬೆಲೆಗೆ ಎತ್ತಿಕೊಂಡು ಹೋಗುತ್ತಿದ್ದರು. ಉಪ್ಪು ಸಿಗದು, ಉಪ್ಪಿಲ್ಲದೆ ಮಾಂಸ ಉಳಿಯದು. ಆ ಏಪ್ರಿಲ್ 2ರಂದು ರಿಚ್‌ಮಂಡ್‌ನ ಹೆಂಗಸರು ಅಂಗಡಿಗಳಿಗೆ ನುಗ್ಗಿ ಬ್ರೆಡ್ಡು, ಹಿಟ್ಟು ಹೊತ್ತೊಯ್ದರು. ಡೇವಿಸ್ ತಾನೇ ಬೀದಿಗೆ ಬಂದು ಗುಂಡು ಹಾರಿಸುತ್ತೇನೆ ಅಂತ ಹೆದರಿಸಬೇಕಾಯಿತು. ಅವರಲ್ಲಿ ಸೈನಿಕರ ಹೆಂಡತಿಯರೂ ಇದ್ದರು.

ಇಂಥ ಹೆಂಡತಿ ಗಂಡನಿಗೆ ಏನು ಬರೆಯುತ್ತಾಳೆ? 'ಮಕ್ಕಳು ಹಸಿದಿವೆ, ಬಿತ್ತನೆಗೆ ಯಾರೂ ಇಲ್ಲ, ಬಾ' ಅಂತ ತಾನೇ. 1865ರ ಫೆಬ್ರವರಿಯಲ್ಲಿ ಲೀ ನಾರ್ತ್ ಕ್ಯಾರೊಲೈನಾದ ಗವರ್ನರ್ ವ್ಯಾನ್ಸ್‌ಗೆ ಇದನ್ನೇ ದೂರಿದ. ಊರಿನವರು ಬರೆಯುವ ಮಾತಿಗೆ ಹುಡುಗರು ಕರಗುತ್ತಿದ್ದಾರೆ, ಸೇನೆ ಬಿಟ್ಟು ಹೋಗುತ್ತಿದ್ದಾರೆ ಅಂತ. ಮನೆ ಕಾಪಾಡಲು ಅಂತ ಹೇಳಿ ಸೇರಿಸಿಕೊಂಡಿದ್ದರು. ಮನೆ ಉಪವಾಸ ಬಿದ್ದಾಗ ಅದೇ ಕಾರಣಕ್ಕೆ ಹೊರಟರು.

ಚರಿತ್ರೆ_ಹುಚ್ಚ
ಸರಿಯಾಗಿ ಹೇಳಿದಿರಿ. ದಕ್ಷಿಣದ ಸೇನೆಯಿಂದ ಓಡಿದವರು 1 ಲಕ್ಷಕ್ಕೂ ಹೆಚ್ಚು ಅಂತ ಅಂದಾಜಿದೆ. ಉತ್ತರದಲ್ಲಿ ಅದಕ್ಕಿಂತಲೂ ಜಾಸ್ತಿ, ಆದರೆ ಅಲ್ಲಿ ಜನ ಎರಡು ಪಟ್ಟಿಗಿಂತ ಹೆಚ್ಚಿದ್ದರು. ಮಿಸಿಸಿಪ್ಪಿಯ ಜೋನ್ಸ್ ಕೌಂಟಿಯಲ್ಲಿ ನ್ಯೂಟನ್ ನೈಟ್ ಎಂಬವನು ಹೀಗೆ ಬಿಟ್ಟು ಬಂದವರನ್ನೇ ಕಟ್ಟಿಕೊಂಡು ಕಾನ್‌ಫೆಡರೇಟ್ ತೆರಿಗೆಯವರ ಮೇಲೆಯೇ ತಿರುಗಿಬಿದ್ದ. ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ.

ಹಾಗಂತ ಕೊನೆಯವರೆಗೂ ನಿಂತವರೂ ಕಡಿಮೆಯೇನಲ್ಲ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಆಪಮ್ಯಾಟಾಕ್ಸ್‌ನಲ್ಲಿ ಲೀ ಶರಣಾದಾಗ ಸುಮಾರು 28,000 ಜನರಿಗೆ ಮನೆಗೆ ಹೋಗುವ ಚೀಟಿ ಬರೆದುಕೊಟ್ಟರು. ಸ್ವಂತ ಕುದುರೆ, ಹೇಸರಗತ್ತೆ ಇದ್ದವರು ತೆಗೆದುಕೊಂಡು ಹೋಗಲಿ, ಉಳುಮೆಗೆ ಬೇಕಾಗುತ್ತೆ ಅಂತ ಉತ್ತರದ ಸೇನಾಪತಿ ಗ್ರಾಂಟ್ ಬಿಟ್ಟ. ಹಸಿದವರಿಗೆ ಉತ್ತರದ ಸೇನೆಯ ಊಟವನ್ನೂ ಕೊಡಿಸಿದ.

ನೇರನುಡಿ
ಆ ಗೆಟಿಸ್‌ಬರ್ಗ್ ದಂಡಯಾತ್ರೆಯ ಇನ್ನೊಂದು ಸಂಗತಿ ನಿಮ್ಮ ಮಗಳಿಗೆ ಹೇಳಿ. 1863ರ ಜೂನ್‌ನಲ್ಲಿ ಲೀಯ ಸೇನೆ ಗೆಟಿಸ್‌ಬರ್ಗ್ ಇರುವ ಉತ್ತರದ ರಾಜ್ಯ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಚೇಂಬರ್ಸ್‌ಬರ್ಗ್ ಸುತ್ತಮುತ್ತ ಸ್ವತಂತ್ರರಾಗಿ ಬದುಕಿದ್ದ ಕಪ್ಪು ಜನರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಹಿಡಿದು ದಕ್ಷಿಣಕ್ಕೆ ಗುಲಾಮರಾಗಿ ಸಾಗಿಸಿತು. ಚಾರ್ಲಿ ಸತ್ತದ್ದೂ ಅದೇ ದಂಡಯಾತ್ರೆಯಲ್ಲಿ. ಜಾನ್ ಫಚ್ ಇದನ್ನು ಮಾಡಿದ ಅಂತ ನಾನು ಹೇಳುತ್ತಿಲ್ಲ. ಅವನ ಸೇನೆ ಮಾಡಿತು.

ರಾಗಿಮುದ್ದೆ
ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು.

ಮಾಜಿ_ಫೌಜಿ
ರಾಗಿಮುದ್ದೆಯವರೇ, ನೀವು ಹೇಳಿದ್ದು ಪಾಪ ಅನ್ನಲೇಬಾರದು ಅಂತ. ಅದನ್ನು ನಾನು ಒಪ್ಪುವುದಿಲ್ಲ. ಪಾಪ ಅನ್ನುವುದು ಬೇರೆ, ಪ್ರತಿಮೆ ನಿಲ್ಲಿಸುವುದು ಬೇರೆ.

ರಿಚ್‌ಮಂಡ್_ನಿವಾಸಿ
ಪ್ರತಿಮೆ ಅಂದಿರಲ್ಲ, ಇಲ್ಲಿ ಮಾನ್ಯುಮೆಂಟ್ ಅವೆನ್ಯೂದಲ್ಲಿ ಲೀಯ ದೊಡ್ಡ ಕುದುರೆ ಸವಾರಿ ಪ್ರತಿಮೆ ಇತ್ತು. 2021ರ ಸೆಪ್ಟೆಂಬರ್ 8ರಂದು ತೆಗೆದರು. ಪಕ್ಕದ ಮನೆಯ ಹಿರಿಯರೊಬ್ಬರು ಇನ್ನೂ ಆ ಬಗ್ಗೆ ಗೊಣಗುತ್ತಾರೆ. ಅವರ ಮುತ್ತಜ್ಜ ಸೈನಿಕನಾಗಿದ್ದನಂತೆ. ಫಚ್ ವಿಷಯ ಹೇಳಿದೆ. 'ಓಡಿಹೋದವನಾ?' ಅಂದರು, ಅಷ್ಟೇ. ಅವರಿಗೂ ಇವನು ಬೇಡ.

ಲಕೋಟೆ_ಲಕ್ಷ್ಮಿ
ಪ್ರಬಂಧಕ್ಕೆ ಒಂದು ಸಲಹೆ. ಫಚ್ ಕಾಗದದ ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟು ಓದಲಿ. ಸ್ಪಾಟ್ಸ್‌ವುಡ್ ರೈಸ್ ಎಂಬವನದು. ಮಿಸೌರಿಯಲ್ಲಿ ಗುಲಾಮನಾಗಿದ್ದವನು, ಆಮೇಲೆ ಉತ್ತರದ ಸೇನೆ ಸೇರಿದ. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನ ಸೇನಾ ಆಸ್ಪತ್ರೆಯಲ್ಲಿದ್ದುಕೊಂಡು, ಇನ್ನೂ ಗುಲಾಮಗಿರಿಯಲ್ಲೇ ಇದ್ದ ಹೆಣ್ಣುಮಕ್ಕಳಿಗೆ ಬರೆದ. ಪ್ರಾಣ ಹೋದರೂ ಸರಿ, ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಅಂತ. ಒಬ್ಬ ಮಗಳ ಒಡತಿಗೂ ಬೇರೆ ಕಾಗದ ಬರೆದ. ನನ್ನ ಮಗುವನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀಯೋ ಅಷ್ಟು ಕಾಲ ನರಕದಲ್ಲಿ ಬೇಯುತ್ತೀಯ ಅಂತ. ಕಾಗುಣಿತ ಇಲ್ಲೂ ಅಷ್ಟಕ್ಕಷ್ಟೇ. ಇವನೂ ಮನೆಯವರನ್ನು ನೆನೆಸಿಕೊಂಡೇ ಬರೆದದ್ದು. ಆದರೆ ಇವನ ಮಕ್ಕಳು ಇದ್ದದ್ದು ಬೇರೆಯವರ ಸ್ವತ್ತಾಗಿ.

ರಿಚ್‌ಮಂಡ್_ನಿವಾಸಿ
ಮಗಳು ಈ ಕಾಗದ ಹುಡುಕಿ ಓದಿದಳು. ಎರಡನ್ನೂ ಇಟ್ಟುಕೊಂಡು ಬರೆಯುತ್ತಾಳಂತೆ. ಟೀಚರ್‌ಗೆ ಕೇಳಿದ್ದಾಳೆ, ಒಪ್ಪಿದ್ದಾರೆ.

ರಾಗಿಮುದ್ದೆ
ಹಾಗೆ ಬರೆದರೆ ನನ್ನ ತಕರಾರಿಲ್ಲ. ಬರೆದ ಮೇಲೆ ಇಲ್ಲಿ ಹಾಕಿ.

ಕುಮಟಾ_ಕಡಲು
ಹತ್ತಿ ವಿಷಯ ಅರ್ಧಕ್ಕೇ ನಿಂತಿತು. ಅರಳೆಯವರೇ, ಕುಮಟಾಕ್ಕೆ ಎತ್ತಿನ ಗಾಡಿ ಬರುತ್ತಿತ್ತಾ, ಬರೀ ಎತ್ತಿನ ಬೆನ್ನ ಮೇಲಾ?

ನಿರ್ವಾಹಕ
ಹತ್ತಿಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು.

ಹುಬ್ಬಳ್ಳಿ_ಅರಳೆ
ತೆರೆದೇನ್ರಿ. ಬರ್ರಿ ಆ ಕಡೆ.